ನೆರಳಿಲ್ಲದ ರಾಣಿ

ಎರಡೇ ಅಂಗುಲ ಎತ್ತರದ ಒಂದು ಚಿತ್ರವನ್ನು ಈ ಸಲದ ಅಭ್ಯಾಸಕ್ಕೆ ಎತ್ತಿಕೊಂಡಿದ್ದೇನೆ. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯ ಈ ಕಿರುಚಿತ್ರವನ್ನು 1572ರಲ್ಲಿ ಬರೆದವನು ನಿಕೊಲಾಸ್ ಹಿಲಿಯರ್ಡ್. ಈಗ ಅದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಆಗ ರಾಣಿಗೆ 38 ವರ್ಷ ಎಂದು ಚಿತ್ರದ ಮೇಲೇ ಬರೆದಿದೆ. ಇಷ್ಟು ಚಿಕ್ಕದರಲ್ಲಿ ಓದುವುದಕ್ಕೆ ಏನಿದೆ ಅಂತೀರಾ? ನೋಡೋಣ.

ಮೊದಲು ಕೆಲಸದ ರೀತಿ. ನಯವಾದ ಕರುವಿನ ತೊಗಲನ್ನು ಇಸ್ಪೀಟು ಎಲೆಗೆ ಅಂಟಿಸಿ, ಅದರ ಮೇಲೆ ಅಳಿಲುಗೂದಲಿನ ಕುಂಚದಿಂದ ಜಲವರ್ಣದಲ್ಲಿ ಬರೆಯುತ್ತಿದ್ದರು. ಹಿಲಿಯರ್ಡ್ ಅಕ್ಕಸಾಲಿಗನ ಮಗ, ತಾನೂ ಆ ಕಸುಬು ಕಲಿತವನು. ಚಿನ್ನದ ಪುಡಿಯನ್ನು ಬಣ್ಣದ ಹಾಗೆ ಹಚ್ಚಿ, ಸಣ್ಣ ಪ್ರಾಣಿಯ ಹಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದ. ಮುತ್ತಿನ ಮಿನುಗಿಗೆ ಬೆಳ್ಳಿ.

ಈಗ ಮುಖ ನೋಡಿ. ನೆರಳು ಇಲ್ಲವೇ ಇಲ್ಲ ಅನ್ನಬಹುದು. ಸುಮಾರು 1600ರಲ್ಲಿ ಈ ಕಲೆಯನ್ನು ಕುರಿತು ಬರೆದ ಗ್ರಂಥದಲ್ಲಿ ಹಿಲಿಯರ್ಡನೇ ಕಾರಣ ಹೇಳಿದ್ದಾನೆ. ರಾಣಿ ಅವನೊಡನೆ ನೆರಳಿನ ವಿಷಯ ಚರ್ಚಿಸಿ, ಹತ್ತಿರ ಒಂದು ಮರವೂ ಇಲ್ಲದ ತೋಟದ ಬಯಲು ದಾರಿಯಲ್ಲಿ ಕೂತಳಂತೆ.

ಇದು ಬರೀ ಬೆಳಕಿನ ಮಾತಲ್ಲ. 1562ರಲ್ಲಿ ಸಿಡುಬಿನಿಂದ ಆಕೆ ಸಾವಿನ ಅಂಚಿಗೆ ಹೋಗಿಬಂದಿದ್ದಳು. ಮದುವೆಯಿಲ್ಲ, ಮಕ್ಕಳಿಲ್ಲ, ಮುಂದೆ ಪಟ್ಟ ಯಾರಿಗೆ ಎಂಬುದು ಇತ್ಯರ್ಥವಾಗಿರಲಿಲ್ಲ. ಅಂಥ ರಾಣಿಯ ಮುಖದಲ್ಲಿ ಸುಕ್ಕು ಕಂಡರೆ ರಾಜ್ಯವೇ ಅಲುಗಾಡಬಹುದು. ರಾಣಿಗೆ ಬೇಸರ ತರುವ ಚಿತ್ರಗಳನ್ನು ನಾಶಮಾಡಬೇಕೆಂದು 1596ರಲ್ಲಿ ಪ್ರೀವಿ ಕೌನ್ಸಿಲ್ ಆಜ್ಞೆ ಮಾಡಿತು. 60 ದಾಟಿದ ರಾಣಿಗೆ ಹಿಲಿಯರ್ಡ್ ಹರೆಯದ ಹುಡುಗಿಯ ಮುಖವನ್ನೇ ಬರೆದ. ಆಸ್ಥಾನದವರು ಇಂಥ ಚಿತ್ರಗಳನ್ನು ಪದಕದಲ್ಲಿಟ್ಟು ಧರಿಸುತ್ತಿದ್ದರು.

ಹಾಗಾದರೆ ಹಿಲಿಯರ್ಡ್ ಬರೀ ಹೊಗಳುಭಟ್ಟನೇ? ಹಾಗಂದುಬಿಡುವುದು ಸುಲಭ. ಆದರೆ ಅವನ ಜೇಬನ್ನೂ ನೋಡಬೇಕು. ರಾಣಿಯಿಂದ ವರ್ಷಕ್ಕೆ 40 ಪೌಂಡಿನ ವೇತನ ಗೊತ್ತಾದದ್ದು 1599ರಲ್ಲಿ, ಅಂದರೆ ಈ ಚಿತ್ರ ಬರೆದು 27 ವರ್ಷ ಕಳೆದ ಮೇಲೆ. 1617ರಲ್ಲಿ ಸಾಲದ ವಿಷಯಕ್ಕೆ ಸೆರೆಮನೆಯನ್ನೂ ಕಂಡ. ಅರಮನೆಯನ್ನೂ ನಂಬಿ ಬದುಕಿದವನಿಗೆ ನೆರಳು ಬರೆಯುವ ಸ್ವಾತಂತ್ರ್ಯ ಎಷ್ಟಿತ್ತು ಅನ್ನೋದು ನನ್ನ ಪ್ರಶ್ನೆ.

ಅವನು ಬರೆದ ಮುಖಗಳ ಕೆಂಪು ಇಂದು ಮಾಸಿ ಬಿಳಿಚಿಕೊಂಡಿದೆ. ಮುತ್ತುಗಳ ಬೆಳ್ಳಿ ಕಪ್ಪಾಗಿದೆ. ಒಡವೆಯ ಚಿನ್ನ ಮಾತ್ರ ಇನ್ನೂ ಹೊಳೆಯುತ್ತಿದೆ.

ರಾಜರಾಣಿಯರ ಚಿತ್ರ ಎಲ್ಲೇ ಕಂಡರೂ ಮೂರು ಪ್ರಶ್ನೆ ಹಾಕಿಕೊಳ್ಳಿ. ಬರೆಸಿದವರು ಯಾರು? ಯಾರು ನೋಡಲೆಂದು? ಬರೆಯದೆ ಬಿಟ್ಟದ್ದೇನು? ಮೂರನೆಯದಕ್ಕೆ ಉತ್ತರ ಚಿತ್ರದಲ್ಲಿ ಸಿಗುವುದಿಲ್ಲ, ಚರಿತ್ರೆಯಲ್ಲಿ ಹುಡುಕಬೇಕು.