ಮುಚ್ಚಿಗೆಯೊಳಗೆ ಹುದುಗಿಸುವ ದೀಪ

ಹಂಚಿನ ಮಾಡಿನ ಅಡಿಯಲ್ಲಿ ಹಲಗೆಯ ಮುಚ್ಚಿಗೆ ಹಾಕುವ ಪದ್ಧತಿ ನಮ್ಮ ಕಾಸರಗೋಡು ಸೀಮೆಗೆ ಹೊಸದಲ್ಲ. ಈಚೆಗೆ ತಾರಸಿಯ ಮನೆಗಳಲ್ಲಿ ಜಿಪ್ಸಂ ಹಲಗೆಯ ಸೀಲಿಂಗೂ ಬಂದಿದೆ. ಅದರ ಬೆನ್ನಿಗೇ, ಮುಚ್ಚಿಗೆಯಲ್ಲಿ ದುಂಡನೆಯ ರಂಧ್ರವನ್ನು ಕೊರೆದು ದೀಪವನ್ನು ಹುದುಗಿಸಿಡುವ ಆಸೆಯೂ ಬಂದಿದೆ. ಇಂತಹ ದೀಪಕ್ಕೆ ಡೌನ್‌ಲೈಟ್ ಎನ್ನುತ್ತಾರೆ. ಕೆಳಗಿನಿಂದ ನೋಡುವವರಿಗೆ ಅದು ಬೆಳಕಿನ ಒಂದು ಬಿಲ್ಲೆಯಷ್ಟೆ. ಅದರ ಕಷ್ಟಸುಖವೆಲ್ಲ ಕಣ್ಣಿಗೆ ಬೀಳದ ಮೇಲುಭಾಗದಲ್ಲಿದೆ. ಪಕ್ಕಾಸುಗಳ ಅಡಿಗೇ ಹಲಗೆ ಹೊಡೆದ ಕಡೆಯಲ್ಲಾಗಲಿ, ತಾರಸಿಗೆ ಅಂಟಿದಂತೆ ಸೀಲಿಂಗು ಕಟ್ಟಿದ ಕಡೆಯಲ್ಲಾಗಲಿ ಮೇಲೆ ಉಳಿಯುವ ಎಡೆ ಮೂರು ನಾಲ್ಕು ಅಂಗುಲ ಮಾತ್ರ. ಅಲ್ಲಿ ಏನನ್ನು ಗಮನಿಸಬೇಕೆಂಬುದನ್ನು ವಿಚಾರಿಸೋಣ.

ಎಲ್‌ಇಡಿ ತಣ್ಣನೆಯ ದೀಪವಲ್ಲವೇ, ಶಾಖದ ಚಿಂತೆ ಏಕೆ ಎಂದು ಹಲವರು ಕೇಳುವುದುಂಟು. ಈ ಮಾತು ಅರ್ಧ ಮಾತ್ರ ನಿಜ. ಹಳೆಯ ತಂತಿಯ ಬಲ್ಬು ತಾನು ಪಡೆದ ಶಕ್ತಿಯಲ್ಲಿ ನೂರಕ್ಕೆ ೫ರಷ್ಟನ್ನು ಬೆಳಕಾಗಿಸಿ, ಉಳಿದುದರ ಬಹುಪಾಲನ್ನು ಅವಕೆಂಪು ಕಿರಣಗಳಾಗಿ ಹೊರಕ್ಕೆ ಚೆಲ್ಲುತ್ತಿತ್ತು. ಎಲ್‌ಇಡಿಯು ಸುಮಾರು ಮೂರರಲ್ಲೊಂದು ಪಾಲನ್ನು ಬೆಳಕಾಗಿಸುತ್ತದೆ, ಉಳಿದುದು ಶಾಖವೇ. ಆದರೆ ಆ ಶಾಖವು ಬೆಳಕಿನೊಡನೆ ಕೆಳಗಿಳಿಯದೆ, ದೀಪದ ಬೆನ್ನಿನ ಲೋಹದ ಮೂಲಕ ಮುಚ್ಚಿಗೆಯ ಮೇಲಣ ಗಾಳಿಯನ್ನು ಸೇರಬೇಕು. ಎಡೆ ಇಕ್ಕಟ್ಟಾಗಿದ್ದರೆ ಆ ಗಾಳಿ ಬಿಸಿಯಾಗಿಯೇ ನಿಲ್ಲುತ್ತದೆ. ಬೇಸಗೆಯಲ್ಲಿ ಕಾದ ಹಂಚಿನ ತಾಪವೂ ಅದಕ್ಕೆ ಕೂಡಿಕೊಳ್ಳುತ್ತದೆ. ದೀಪಕ್ಕೆ ಏಕಮುಖ ವಿದ್ಯುತ್ತನ್ನು ಒದಗಿಸುವ ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ದ್ರವವುಳ್ಳ ಕೆಪಾಸಿಟರು ಇರುತ್ತದೆ. ಉಷ್ಣತೆ ೧೦ ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದು ೨೫,೦೦೦ ಗಂಟೆ ಬಾಳುವಂಥದೆನ್ನೋಣ. ದಿನಕ್ಕೆ ೫ ಗಂಟೆಯಂತೆ ೧೩ ವರ್ಷಕ್ಕೂ ಮಿಕ್ಕಿ ಬರಬೇಕು. ೨೦ ಡಿಗ್ರಿ ಹೆಚ್ಚಾಗಿ ಕಾದರೆ ಎಷ್ಟು ವರ್ಷ ಉಳಿಯಿತೆಂಬುದನ್ನು ಮಕ್ಕಳು ತಾವೇ ಲೆಕ್ಕ ಹಾಕಿ ತಂದೆತಾಯಿಗಳಿಗೆ ಹೇಳಲಿ. ಅಂಗಡಿಯವನನ್ನು ಬಯ್ಯುವ ಮೊದಲು ಈ ಲೆಕ್ಕ ಮಾಡುವುದು ನ್ಯಾಯ.

ಎಡೆಯನ್ನು ಕಣ್ಣಳತೆಯಿಂದ ನಿರ್ಣಯಿಸಬಾರದು. ಮುಖ್ಯ ಸ್ವಿಚ್ಚನ್ನು ಆರಿಸಿ, ಸಣ್ಣದೊಂದು ತೂತಿನಲ್ಲಿ ಬಿದಿರ ಕಡ್ಡಿಯನ್ನು ತೂರಿಸಿ ಅಳೆಯಬೇಕು. ಜಿಪ್ಸಂ ಹಲಗೆಯಾದರೆ, ಕೆಳಗೆ ಅಯಸ್ಕಾಂತವನ್ನು ಆಡಿಸಿದಾಗ ಅದು ತಿರುಪುಮೊಳೆಗಳಿರುವಲ್ಲಿ ಅಂಟಿ, ಉಕ್ಕಿನ ಚೌಕಟ್ಟು ಹಾದುಹೋಗುವ ಸಾಲನ್ನು ತೋರಿಸಿಕೊಡುತ್ತದೆ. ದೀಪದ ಎತ್ತರವನ್ನು ಮಾತ್ರ ನೋಡಿದರೆ ಸಾಲದು. ಒಳಕ್ಕೆ ತೂರಿಸುವಾಗ ಎರಡು ಪಕ್ಕದ ಸ್ಪ್ರಿಂಗುಗಳನ್ನು ಮೇಲ್ಮುಖವಾಗಿ ಮಡಿಚಿ ಹಿಡಿಯಬೇಕಾಗುತ್ತದೆ. ಅವು ನೆಟ್ಟಗೆ ನಿಲ್ಲುವಷ್ಟು ಎಡೆಯಿಲ್ಲದಿದ್ದರೆ ದೀಪ ಅರ್ಧದಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಡ್ರೈವರನ್ನು ಮೊದಲು ತೂರಿಸಿ ಪಕ್ಕಕ್ಕೆ ಸರಿಸಿ ಮಲಗಿಸಬೇಕೇ ಹೊರತು ದೀಪದ ಬೆನ್ನ ಮೇಲೆ ಬಿಡಕೂಡದು. ತಂತಿಯ ಗಂಟುಗಳು ಮುಚ್ಚಿದ ಪೆಟ್ಟಿಗೆಯಲ್ಲಿರಲಿ. ನಮ್ಮ ಕಡೆಯ ಮಳೆಗಾಲದಲ್ಲಿ ಒಡೆದ ಒಂದು ಹಂಚೂ, ಹಲ್ಲು ಮಸೆಯುವ ಒಂದು ಇಲಿಯೂ ಸಾಕು. ಮನೆಯ ವಿದ್ಯುತ್ತು ೨೩೦ ವೋಲ್ಟಿನದು. ಪರವಾನಗಿಯುಳ್ಳ ವಯರ್‌ಮನ್ನರು ಮಾಡಬೇಕಾದ ಕೆಲಸವಿದು, ಮಕ್ಕಳು ದೂರದಿಂದ ನೋಡಿ ಕಲಿಯತಕ್ಕದ್ದು.

ಎಡೆ ಸಾಲದೆಂದು ತಾರಸಿಯ ಕಾಂಕ್ರೀಟನ್ನೇ ಕೆತ್ತುವವರಿದ್ದಾರೆ. ಇದು ಸರ್ವಥಾ ಕೂಡದು. ಭಾರಕ್ಕೆ ತಾರಸಿ ನಡುವಿನಲ್ಲಿ ತುಸು ಬಾಗಿದಾಗ ಅದರ ಅಡಿಮೈ ಎಳೆತಕ್ಕೆ ಒಳಗಾಗುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಆದಕಾರಣವೇ ಉಕ್ಕಿನ ಸರಳುಗಳನ್ನು ಅಡಿಮೈಗೆ ಸಮೀಪವಾಗಿ, ಸುಮಾರು ೨೦ ಮಿಲಿಮೀಟರು ಒಳಗೆ ಇರಿಸಿರುತ್ತಾರೆ. ಉಳಿಯ ಪೆಟ್ಟು ಬೀಳುವುದು ಆ ಸರಳುಗಳ ಹೊದಿಕೆಗೇ. ಅಲ್ಲಿಂದ ತೇವ ಹೊಕ್ಕು ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ.

ಎಡೆಯಿಲ್ಲದ ಕಡೆ ಹೊರಮೈಗೆ ಕೂರಿಸುವ ತೆಳ್ಳನೆಯ ದೀಪವನ್ನು ಹಾಕಿಕೊಳ್ಳುವುದೇ ಲೇಸು. ಓದುವ ಮೇಜಿರುವ ಕೋಣೆಯಲ್ಲಂತೂ ದೀಪ ಹುದುಗಿದೆಯೋ ಹೊರಗಿದೆಯೋ ಎಂಬುದಕ್ಕಿಂತ ಅದರ ಸ್ಥಾನ ಮುಖ್ಯ. ಬೆನ್ನ ಹಿಂದೆ ದೀಪವಿದ್ದರೆ ಹುಡುಗನ ತಲೆಯ ನೆರಳು ಪುಸ್ತಕದ ಮೇಲೆಯೇ ಬೀಳುತ್ತದೆ. ರಂಧ್ರ ಕೊರೆಯುವ ಮುನ್ನ ಒಂದು ರಾತ್ರಿ ಮಗುವನ್ನು ಮೇಜಿನ ಮುಂದೆ ಕುಳ್ಳಿರಿಸಿ, ಗುರುತು ಮಾಡಿದ ಜಾಗದಲ್ಲಿ ಕೈದೀಪ ಹಿಡಿದು, ನೆರಳು ಎತ್ತ ಬೀಳುವುದೆಂದು ನೋಡಿಕೊಳ್ಳಬೇಕು.