ಬೀರುವಿನಲ್ಲಿ ಮಲಗಿದ ಕ್ರೆಡಿಟ್ ಕಾರ್ಡ್: ಇಟ್ಟುಕೊಳ್ಳುವುದೋ, ಮುಚ್ಚಿಸುವುದೋ?

ಸಂಬಳದ ಖಾತೆಯ ಜೊತೆಗೆ ಬಂದದ್ದೊಂದು, ಮಾಲ್‌ನಲ್ಲಿ ಅಡ್ಡಹಾಕಿ ಕೊಟ್ಟದ್ದು ಇನ್ನೊಂದು. ಹೀಗೆ ಸೇರಿಕೊಂಡ ಕಾರ್ಡುಗಳಲ್ಲಿ ನಾವು ಬಳಸುವುದು ಒಂದನ್ನೇ. ಉಳಿದದ್ದರಿಂದ ಸಿಬಿಲ್ ಸ್ಕೋರ್ ಬೀಳುತ್ತದೆಯೇ ಎಂದು ಕೇಳುವವರು ಬಹಳ. ಕಾರ್ಡ್ ಸುಮ್ಮನೆ ಬಿದ್ದಿದೆ ಎಂಬ ಒಂದೇ ಕಾರಣಕ್ಕೆ ಸ್ಕೋರ್ ಇಳಿಯುವುದಿಲ್ಲ. ಇಳಿಸುವುದು ನಾವು ಗಮನಿಸದೆ ಬಿಟ್ಟ ವಾರ್ಷಿಕ ಶುಲ್ಕ, ಇಲ್ಲವೇ ಲೆಕ್ಕ ಹಾಕದೆ ಮುಚ್ಚಿಸಿದ ಕಾರ್ಡ್.

ಹಂತ 1: ವರದಿ ತರಿಸಿಕೊಳ್ಳಿ

ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಈ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ಕ್ರೆಡಿಟ್ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅವರ ಜಾಲತಾಣದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಯೋಜನೆಯೇ ಮೊದಲು ಕಣ್ಣಿಗೆ ಬಿದ್ದರೆ ಅದನ್ನು ದಾಟಿ ಉಚಿತ ವರದಿಯ ಕೊಂಡಿ ಹುಡುಕಿ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರಿಗೆ ಏನೂ ಆಗುವುದಿಲ್ಲ.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಅದನ್ನು ನೋಡಿ ವರದಿ ಮುಚ್ಚಿಡಬೇಡಿ. ಕೆಳಗಿನ ಖಾತೆಗಳ ಪಟ್ಟಿಗೆ ಇಳಿಯಿರಿ. ಒಂದೊಂದು ಕಾರ್ಡಿಗೂ ತೆರೆದ ದಿನಾಂಕ, ಮಿತಿ, ಬಾಕಿ, ತಿಂಗಳುವಾರು ಪಾವತಿಯ ಚರಿತ್ರೆ ಅಲ್ಲಿದೆ. ನೀವು ಮರೆತೇಬಿಟ್ಟ ಕಾರ್ಡ್ ಸಿಗುವುದೂ ಅಲ್ಲೇ.

ಹಂತ 2: ಶುಲ್ಕ ಹುಡುಕಿ

ಬಳಸದ ಕಾರ್ಡಿನ ಇತ್ತೀಚಿನ ಸ್ಟೇಟ್‌ಮೆಂಟ್ ತೆರೆಯಿರಿ. ವಾರ್ಷಿಕ ಶುಲ್ಕ 500 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿ 590. ನೀವು ಕಾರ್ಡ್ ಮುಟ್ಟದಿದ್ದರೂ ಬಿಲ್ ಬರುತ್ತದೆ. ಅದು ಹಳೆಯ ಇಮೇಲ್ ವಿಳಾಸಕ್ಕೆ ಹೋಗುತ್ತಿದ್ದರಂತೂ ನಿಮಗೆ ಸುದ್ದಿಯೇ ಇರುವುದಿಲ್ಲ. ಮೇಲೆ ತಡಪಾವತಿ ಶುಲ್ಕ, ಬಡ್ಡಿ, ಕೊನೆಗೆ ವರದಿಯಲ್ಲಿ 'ಇಷ್ಟು ದಿನ ಬಾಕಿ' ಎಂಬ ಗುರುತು. ಸ್ಕೋರಿಗೆ ಬಲವಾದ ಪೆಟ್ಟು ಕೊಡುವುದು ಇದೇ. 590 ರೂಪಾಯಿಗೆ ಗೃಹಸಾಲದ ಅರ್ಜಿ ಸಿಕ್ಕಿಹಾಕಿಕೊಂಡರೆ ಅದಕ್ಕಿಂತ ದುಬಾರಿ ಮರೆವು ಬೇರೆ ಇಲ್ಲ.

ಬಾಕಿ ಇದ್ದರೆ ಇವತ್ತೇ ಕಟ್ಟಿ. ಮೊಬೈಲ್ ಸಂಖ್ಯೆ, ಇಮೇಲ್ ಬದಲಾಗಿದ್ದರೆ ಸರಿಪಡಿಸಿ.

ಹಂತ 3: ಮುಚ್ಚಿಸುವ ಮೊದಲು ಲೆಕ್ಕ

ಅವಸರ ಬೇಡದ ಜಾಗ ಇದು. ನಿಮಗೆ ಸಿಕ್ಕ ಒಟ್ಟು ಮಿತಿಯಲ್ಲಿ ಎಷ್ಟು ಪಾಲು ಬಳಸುತ್ತಿದ್ದೀರಿ ಎಂಬುದನ್ನು ಸ್ಕೋರ್ ಗಮನಿಸುತ್ತದೆ. ಶೇ 30ರೊಳಗೆ ಇರಲಿ ಎಂಬುದು ವಾಡಿಕೆಯ ಸಲಹೆ.

ಮೂಲೆಗೆ ಬಿದ್ದ ಹಳೆಯ ಕಾರ್ಡಿನ ಮಿತಿ 1,20,000, ದಿನಬಳಕೆಯದರ ಮಿತಿ 80,000, ತಿಂಗಳ ಖರ್ಚು 36,000 ಎನ್ನಿ. ಎರಡೂ ಸೇರಿ ಮಿತಿ 2 ಲಕ್ಷ. ಬಳಕೆ ಶೇ 18. ಹಳೆಯದನ್ನು ಮುಚ್ಚಿಸಿದ ಕೂಡಲೇ ಅದೇ 36,000ವನ್ನು 80,000ದ ಎದುರು ಅಳೆಯಲಾಗುತ್ತದೆ: ಶೇ 45. ಖರ್ಚು ಒಂದು ರೂಪಾಯಿಯೂ ಹೆಚ್ಚಿಲ್ಲ, ಆದರೂ ಸಾಲದ ಮೇಲೆ ಬದುಕುವವರಂತೆ ಕಾಣುತ್ತೀರಿ. ಬ್ಯಾಂಕುಗಳು ಮಾಹಿತಿ ಕಳಿಸುವುದೂ ಈಗ ತಿಂಗಳಿಗೊಮ್ಮೆಯಲ್ಲ, 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ. ಬದಲಾವಣೆ ಬೇಗ ಕಾಣುತ್ತದೆ.

ಖಾತೆಯ ವಯಸ್ಸಿಗೂ ಬೆಲೆಯಿದೆ. ಹಾಗಾಗಿ ಎಲ್ಲಕ್ಕಿಂತ ಹಳೆಯ, ಶುಲ್ಕವಿಲ್ಲದ ಕಾರ್ಡನ್ನು ಮುಚ್ಚಿಸಬೇಡಿ ಎಂದೇ ನಾನು ಹೇಳುವುದು. ಶುಲ್ಕವಿರುವ, ಮಿತಿ ಕಡಿಮೆಯಿರುವ, ಇತ್ತೀಚಿನ ಕಾರ್ಡ್ ಹೋದರೆ ಹೋಗಲಿ. ಆರು ತಿಂಗಳಲ್ಲಿ ದೊಡ್ಡ ಸಾಲಕ್ಕೆ ಅರ್ಜಿ ಹಾಕುವ ಯೋಚನೆಯಿದ್ದರೆ ಅದನ್ನೂ ಸದ್ಯಕ್ಕೆ ಮುಟ್ಟಬೇಡಿ.

ಹಂತ 4: ಇಟ್ಟುಕೊಂಡದ್ದನ್ನು ಚಾಲ್ತಿಯಲ್ಲಿಡಿ

ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಮುಚ್ಚುವ ಪ್ರಕ್ರಿಯೆಯನ್ನು ಬ್ಯಾಂಕೇ ಶುರುಮಾಡಬೇಕು. ನಿಮಗೆ ತಿಳಿಸುತ್ತದೆ, 30 ದಿನದಲ್ಲಿ ಉತ್ತರಿಸದಿದ್ದರೆ, ಬಾಕಿ ಇಲ್ಲದ ಖಾತೆ ಮುಚ್ಚಿಹೋಗುತ್ತದೆ. ಮೇಲಿನ ಶೇ 45ರ ಪರಿಸ್ಥಿತಿ ಆಗ ಕೇಳದೆಯೇ ಬರುತ್ತದೆ.

ತಪ್ಪಿಸುವುದು ಸುಲಭ. ಎರಡು ಮೂರು ತಿಂಗಳಿಗೊಮ್ಮೆ ಮೊಬೈಲ್ ರೀಚಾರ್ಜ್ ಮಾಡಿ. ರುಪೇ ಕಾರ್ಡಾದರೆ ಯುಪಿಐಗೆ ಜೋಡಿಸಿ ದಿನಸಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ. ಬಿಲ್ ಪೂರ್ತಿ ಮೊತ್ತಕ್ಕೆ ಉಳಿತಾಯ ಖಾತೆಯಿಂದ ಆಟೋ ಡೆಬಿಟ್ ಹಾಕಿಬಿಡಿ. 'ಕನಿಷ್ಠ ಮೊತ್ತ' ಆರಿಸಿದರೆ ಉಳಿದದ್ದಕ್ಕೆ ಬಡ್ಡಿ ಓಡುತ್ತದೆ. ಆನ್‌ಲೈನ್, ವಿದೇಶಿ ವಹಿವಾಟು ಬೇಡವಾದರೆ ಆ್ಯಪ್‌ನಲ್ಲೇ ಆಫ್ ಮಾಡಿ.

ಹಂತ 5: ಮುಚ್ಚಿಸುವುದಾದರೆ ಹೀಗೆ

ಕತ್ತರಿಯಿಂದ ಕಾರ್ಡ್ ತುಂಡು ಮಾಡಿದರೆ ಪ್ಲಾಸ್ಟಿಕ್ ಹೋಯಿತು, ಖಾತೆ ಹೋಗಲಿಲ್ಲ. ರಿವಾರ್ಡ್ ಪಾಯಿಂಟ್ ಬಳಸಿ ಮುಗಿಸಿ, ಆ ಕಾರ್ಡಿಗೆ ಕಟ್ಟಿಕೊಂಡ ಆಟೋ ಪಾವತಿಗಳನ್ನು ಬೇರೆಡೆಗೆ ಬದಲಿಸಿ, ಬಾಕಿ ಸೊನ್ನೆ ಮಾಡಿ. ನಂತರ ಆ್ಯಪ್, ಇಮೇಲ್ ಅಥವಾ ಸಹಾಯವಾಣಿಯ ಮೂಲಕ ಕೋರಿಕೆ ಕೊಟ್ಟು ಅದರ ಸಂಖ್ಯೆ ಬರೆದಿಡಿ. 'ಶುಲ್ಕ ಮನ್ನಾ ಮಾಡುತ್ತೇವೆ, ಇಟ್ಟುಕೊಳ್ಳಿ' ಎಂಬ ಕರೆ ಬರಬಹುದು. ಒಪ್ಪುವುದಾದರೆ ಆಜೀವ ಮನ್ನಾವೋ ಈ ವರ್ಷದ್ದು ಮಾತ್ರವೋ ಎಂದು ಬರಹದಲ್ಲಿ ಕೇಳಿ.

ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕ್ ನಿಮಗೇ ಕೊಡಬೇಕು. ಕೋರಿಕೆ ಸಂಖ್ಯೆ ಬರೆದಿಡಿ ಎಂದದ್ದು ಇದಕ್ಕೇ.

ಹಂತ 6: ವರದಿ ಮತ್ತೆ ನೋಡಿ

ಒಂದೆರಡು ತಿಂಗಳ ನಂತರ ಬೇರೊಂದು ಸಂಸ್ಥೆಯ ಉಚಿತ ವರದಿ ತೆಗೆಯಿರಿ. ಖಾತೆಯ ಮುಂದೆ 'ಕ್ಲೋಸ್ಡ್' ಎಂದಿರಬೇಕು. 'ಸೆಟಲ್ಡ್' ಎಂದಿದ್ದರೆ ಬಾಕಿಯನ್ನು ಪೂರ್ತಿ ಕಟ್ಟದೆ ರಾಜಿಯಾದಿರಿ ಎಂದರ್ಥ. ಸಾಲ ಕೊಡುವವರು ಅದನ್ನು ಕಂಡರೆ ಹಿಂಜರಿಯುತ್ತಾರೆ. ತಪ್ಪಿದ್ದರೆ ಆ ಸಂಸ್ಥೆಯ ಜಾಲತಾಣದಲ್ಲೇ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು.