ಸರ್ಫೇಸ್ ಕೋಡ್: ಕ್ವಾಂಟಮ್ ದೋಷ ತಿದ್ದುಪಡಿ

ಸಾಮಾನ್ಯ ಕಂಪ್ಯೂಟರಿನಲ್ಲಿ ಬಿಟ್‌ನ ನಕಲುಗಳನ್ನಿಟ್ಟುಕೊಂಡು ದೋಷ ತಿದ್ದಬಹುದು. ಅಜ್ಞಾತ ಕ್ವಾಂಟಮ್ ಸ್ಥಿತಿಯನ್ನು ಮಾತ್ರ ನಕಲು ಮಾಡಲಾಗದು. ನೇರವಾಗಿ ಅಳೆದರೆ ಅದು ಕೆಡುತ್ತದೆ. ಈ ತೊಡಕಿಗೆ ಭೌತವಿಜ್ಞಾನಿ ಅಲೆಕ್ಸೈ ಕಿಟಾಯೆವ್ 1997ರಲ್ಲಿ ಟೋರಿಕ್ ಕೋಡ್ ಎಂಬ ಸೊಗಸಾದ ದಾರಿ ತೋರಿಸಿದರು. ಅದರ ಸಮತಲ ರೂಪವೇ ಸರ್ಫೇಸ್ ಕೋಡ್.

ಇಲ್ಲಿ ಮಾಹಿತಿ ಯಾವುದೇ ಒಂದು ಕ್ವಾಂಟಮ್ ಬಿಟ್, ಅಂದರೆ ಕ್ಯೂಬಿಟ್‌ನಲ್ಲಿರದೆ ಇಡೀ ಜಾಲದಲ್ಲಿ ಹರಡಿರುತ್ತದೆ. ಚದುರಂಗದ ಹಾಸಿನಂತೆ ದತ್ತಾಂಶ ಕ್ಯೂಬಿಟ್‌ಗಳ ನಡುವೆ ಅಳತೆ ಕ್ಯೂಬಿಟ್‌ಗಳಿರುತ್ತವೆ. ಪ್ರತಿ ಅಳತೆ ಕ್ಯೂಬಿಟ್ ಸುತ್ತಲಿನ ನಾಲ್ಕು (ಅಂಚಿನಲ್ಲಿ ಎರಡು) ಕ್ಯೂಬಿಟ್‌ಗಳ ಸಮ-ಬೆಸವನ್ನಷ್ಟೇ ಕೇಳುತ್ತದೆ, ಬೆಲೆಯನ್ನಲ್ಲ. ಉತ್ತರ ಬದಲಾದರೆ ಹತ್ತಿರದಲ್ಲಿ ದೋಷವಿದೆ ಎಂದರ್ಥ. ದೋಷಗಳೂ ತಪ್ಪು ತಿದ್ದುಪಡಿಯೂ ಸೇರಿದ ಸರಪಳಿ ಒಂದು ಅಂಚಿನಿಂದ ಎದುರಂಚಿಗೆ ಮುಟ್ಟಿದರಷ್ಟೇ ಮಾಹಿತಿ ಹಾಳಾಗುತ್ತದೆ. ಆ ಕನಿಷ್ಠ ಉದ್ದವೇ ಕೋಡ್‌ನ ‘ದೂರ’. ದೂರ 7 ಆದರೆ 49 ದತ್ತಾಂಶ ಕ್ಯೂಬಿಟ್, 48 ಅಳತೆ ಕ್ಯೂಬಿಟ್. 3 ದೋಷಗಳವರೆಗೆ ತಿದ್ದಬಹುದು.

2024ರ ಡಿಸೆಂಬರ್‌ನಲ್ಲಿ ಗೂಗಲ್ ಪ್ರಕಟಿಸಿದ 105 ಕ್ಯೂಬಿಟ್‌ಗಳ ವಿಲೋ ಚಿಪ್‌ನಲ್ಲಿ ದೂರ 3ರಿಂದ 5, 7ಕ್ಕೆ ಏರಿದಾಗ ಪ್ರತಿ ಹೆಜ್ಜೆಗೂ ದೋಷ ಅರ್ಧಕ್ಕಿಂತ ಕೆಳಗಿಳಿಯಿತು. ಕಿಟಾಯೆವ್ ಕಲ್ಪನೆಗೆ ಇದು ನಿಜಕ್ಕೂ ದೊಡ್ಡ ಗೆಲುವು.

ಭಾರತವೂ ಈ ಕ್ಷೇತ್ರಕ್ಕೆ ಇಳಿದಿದೆ. ದೇಶದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಮೊತ್ತ 6,003.65 ಕೋಟಿ ರೂ. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.